ಮೇಲಿನಿಂದ ಬರುವವರು

"ಅವರು ಬಂದ್ರೆ ನಾವು ಮೂರು ದಿನ ತಡ್ಕೋಬಹುದು. ಹೆಚ್ಚಂದ್ರೆ ನಾಲ್ಕು," ಎಂದ ಸ್ಟ್ರೌಡ್. ನಕಾಶೆಯನ್ನು ಮೇಜಿನ ತುಂಬ ಹರಡಿದ್ದ. ಅದು ಸುರುಳಿಗೊಳ್ಳದಂತೆ ಮೂಲೆಗಳ ಮೇಲೆ ಬೆಸಿ ಅಜ್ಜಿ ಕೊಟ್ಟ ಕಾಫಿ ಲೋಟಗಳನ್ನೇ ಇಟ್ಟಿದ್ದ.

"ಯಾರು ಬಂದ್ರೆ?" ಅಜ್ಜಿ ಉಣ್ಣೆ ಹಿಂಜುವುದನ್ನು ನಿಲ್ಲಿಸದೆ ತನ್ನ ಬುಡಕಟ್ಟಿನ ನವಾಹೊ ಮಾತಿನಲ್ಲಿ ಕೇಳಿದಳು. ಅವಳ ತಂಗಿಯ ಮಗಳು ವರ್ಡೀನ್ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಸ್ಟ್ರೌಡ್ ಬೆರಳೆತ್ತಿ ಸೂರು ತೋರಿಸಿದ. ಬೇರೆ ಲೋಕದವರು, ನಮಗಿಂತ ಸಾವಿರ ವರ್ಷ ಮುಂದಿರುವವರು.

ಅವನು ಫೀನಿಕ್ಸ್ ನಗರದ ಯಾವುದೋ ಗಗನ ಕಾವಲು ಸಂಸ್ಥೆಯವನು. ಮನೆಯ ಹಿಂದಿನ ಕೆಂಪು ಗುಡ್ಡದ ಮೇಲೆ ಆಕಾಶಕ್ಕೆ ಕಿವಿಗೊಡುವ ದೊಡ್ಡ ತಟ್ಟೆಗಳನ್ನು ನಿಲ್ಲಿಸಿ, ಸುತ್ತ ಬೇಲಿ ಹಾಕಬೇಕೆಂದು ಬಂದಿದ್ದ. ಬೇರೆ ಎಲ್ಲ ಕಾಗದಗಳೂ ಸಿದ್ಧವಾಗಿದ್ದವು. ಅಲ್ಲಿ ಕುರಿ ಮೇಯಿಸುವ ಬೆಸಿ ಎಟ್ಸಿಟಿಯ ಸಹಿಯೊಂದು ಬಾಕಿ. ಗುಡ್ಡದ ಹೆಗಲಿನಲ್ಲಿ, ಗಾಳಿ ತಾಗದ ಕಡೆ, ಅಜ್ಜಿಯ ಕಲ್ಲಿನ ದೊಡ್ಡಿ ಇತ್ತು; ಬೇಲಿ ಬಂದರೆ ಅದೂ ಒಳಗೆ ಸೇರುತ್ತಿತ್ತು. ಮೂವತ್ತು ಕುರಿಗಳು ಗಬ್ಬವಾಗಿದ್ದವು. ಒಂದು ವರ್ಷ ದೊಡ್ಡಿಯ ಗೋಡೆ ಬಿದ್ದು ಕೆಳಗೇ ಮರಿ ಹಾಕಿಸಿದಾಗ ಹನ್ನೊಂದು ಮರಿಗಳು ಹುಟ್ಟಿದ ರಾತ್ರಿಯೇ ಚಳಿಗೆ ಸೆಟೆದುಹೋಗಿದ್ದವು. ಅದನ್ನು ಅಜ್ಜಿ ಮರೆತಿರಲಿಲ್ಲ.

ಮತ್ತೊಂದು ಮಾತೂ ಅವಳ ಮನಸ್ಸಿನಲ್ಲಿ ಕೂತಿತ್ತು. ಹೊಸಬರು ಒಳಗೆ ಕಾಲಿಟ್ಟರೆ ಮೊದಲು ತಾಯಿಯ ಕುಲ ಹೇಳಬೇಕು, ಆಮೇಲೆ ತಂದೆಯದು, ಆಮೇಲೆ ತಾತಂದಿರದು. ಕೆಲಸದ ಮಾತು ಅದಾದ ಮೇಲೆ. ಇವನು ಕೈ ಕುಲುಕಿದ, ನಕಾಶೆ ಬಿಚ್ಚಿದ. ಹೇಳಿಯಾನು ಎಂದು ಅವಳು ಒಂದು ಬುಟ್ಟಿ ಉಣ್ಣೆ ಹಿಂಜುವಷ್ಟು ಹೊತ್ತು ಕಾದಿದ್ದಳು.

"ಅವರ ಹತ್ರ ಏನಿದೆಯಂತೆ?"

"ನಮ್ಮ ಬಂದೂಕು ಅವರ ಮುಂದೆ ಕವಣೆ ಕಲ್ಲಂತೆ, ದೊಡ್ಡಮ್ಮ," ಎಂದಳು ವರ್ಡೀನ್.

"ಬಂದು ಏನು ಕೇಳ್ತಾರೆ?"

"ನೀರು. ನೆಲ. ನೆಲದ ಅಡಿಯಲ್ಲಿ ಇರೋದು."

"ಸಹಿ ಕೇಳ್ತಾರಾ?"

ವರ್ಡೀನ್ ಕೆಮ್ಮಿದಳು. "ಏನಂದ್ರು?" ಎಂದ ಸ್ಟ್ರೌಡ್. "ಕಾಫಿ ಆರಿಹೋಗ್ತಿದೆ ಅಂದ್ರು." ಅವನು ನಕ್ಕು ಒಂದು ಲೋಟ ಎತ್ತಿಕೊಂಡ. ನಕಾಶೆಯ ಆ ಮೂಲೆ ಸುರುಳಿಗೊಂಡು ಗುಡ್ಡವನ್ನು ಮುಚ್ಚಿತು. ಅವನು ಬಿಡಿಸಲಿಲ್ಲ. "ಅಜ್ಜಿ, ನಾನು ನಿಮ್ಮನ್ನ ಹೆದರಿಸೋಕೆ ಬಂದಿಲ್ಲ," ಎಂದ ಮೆಲ್ಲಗೆ. "ನನಗೇ ಹೆದರಿಕೆ. ಮನೇಲಿ ಎರಡು ಚಿಕ್ಕ ಮಕ್ಕಳಿವೆ."

ಅಜ್ಜಿಯ ಕೈ ಮೊದಲ ಸಲ ನಿಂತಿತು. "ನನ್ನ ಅಜ್ಜಿಯ ಅಜ್ಜಿಯನ್ನ ಅಮೆರಿಕದ ಸಿಪಾಯಿಗಳು ಸೆರೆ ಹಿಡಿದು ಇಲ್ಲಿಂದ ನಡೆಸ್ಕೊಂಡು ಹೋದ್ರು," ಎಂದಳು. "ನಾಲ್ಕು ವರ್ಷ ಆದ ಮೇಲೆ ನಡೆದೇ ವಾಪಸ್ ಬಂದಳು. ಬಂದವಳು ಮೊದಲು ಕಟ್ಟಿದ್ದು ಆ ದೊಡ್ಡಿ. ಮನೆ ಆಮೇಲೆ. ನಮ್ಮದು ಮೆಕ್ಸಿಕೋದವರ ಕುಲ ಅಂತಾರಪ್ಪ. ಕುಲದ ಮೊದಲ ತಾಯಿ ನಮ್ಮೋರು ಯುದ್ಧದಲ್ಲಿ ಹಿಡಿದು ತಂದ ಶತ್ರು ಕಡೆಯ ಹುಡುಗಿ. ಅವಳಿಂದ ನಾನು, ಇವಳು, ಎಲ್ಲ. ಮೂರು ನಾಲ್ಕು ದಿನ ತಡ್ಕೊಳ್ಳೋದು ಸರಿ. ಐದನೇ ದಿನ ಏನು ಮಾಡಬೇಕು ಅಂತ ನಿನ್ನ ಕಾಗದದಲ್ಲಿ ಬರೆದಿದೆಯಾ?"

ವರ್ಡೀನ್ ಒಂದಕ್ಷರವನ್ನೂ ಬಿಡದೆ ತಿರುಗಿಸಿದಳು. ಸ್ಟ್ರೌಡ್ ಕಾಗದಗಳನ್ನು ಮಗುಚಿ ನೋಡಿದ. "ಇಲ್ಲ," ಎಂದ.

"ಮೇಲಿನವರಿಗೆ ತಾಯಿ ಇದ್ದಾಳಾ?"

"ಗೊತ್ತಿಲ್ಲ."

"ನಿನಗೆ?"

"ಇದ್ದಾರೆ. ಟಲ್ಸಾದಲ್ಲಿ."

"ಅವಳ ತಾಯಿ ಯಾರ ಪೈಕಿ?"

"ಅದನ್ನ ಯಾವತ್ತೂ ಕೇಳಿಲ್ಲ," ಎಂದ ಸ್ಟ್ರೌಡ್, ಲೋಟ ಕೆಳಗಿಟ್ಟು.

"ಫೋನು ಮಾಡಿ ಕೇಳಪ್ಪ," ಎಂದಳು ಅಜ್ಜಿ. ಅವನು ಫೋನು ತೆಗೆದು ನೋಡಿ ತಲೆಯಾಡಿಸಿದ. ಸಿಗ್ನಲ್ ಇರಲಿಲ್ಲ. "ಇಲ್ಲಿ ಎಲ್ಲಿ ಸಿಗುತ್ತೆ. ಗುಡ್ಡ ಹತ್ತಬೇಕು. ಟೋಪಿ ಹಾಕ್ಕೊಂಡು ಹೋಗು, ಗಾಳಿ ಜೋರಾಗಿದೆ."

ಅವನು ನಿಜಕ್ಕೂ ಹೋದ. ನಕಾಶೆ ಮೇಜಿನ ಮೇಲೆಯೇ ಉಳಿಯಿತು. ಇಬ್ಬರೂ ಹಿಂಬಾಗಿಲಿಗೆ ಬಂದು ನೋಡಿದರು. ಗುಡ್ಡದ ಮೇಲೆ ಗಾಳಿ ಅವನ ಕೋಟನ್ನು ಎಳೆದಾಡುತ್ತಿತ್ತು. ಅವನು ನೆತ್ತಿಯಲ್ಲಿ ಆ ಕಡೆ ಈ ಕಡೆ ತಿರುಗಿದ, ಎಲ್ಲೂ ನಿಲ್ಲಲಾಗದೆ ಕೆಳಗಿಳಿದು ದೊಡ್ಡಿಯ ಗೋಡೆಯ ಮರೆ ಹೊಕ್ಕ. ಅಲ್ಲಿ ಗಬ್ಬದ ಕುರಿಗಳ ನಡುವೆ, ಅವುಗಳಂತೆಯೇ ಕಲ್ಲಿಗೆ ಬೆನ್ನು ಕೊಟ್ಟು, ಮುದುರಿ ಕೂತು ಫೋನು ಕಿವಿಗಿಟ್ಟ. ಮಾತು ಬೇಗ ಮುಗಿಯುವಂತೆ ಕಾಣಲಿಲ್ಲ.

"ದೊಡ್ಡಮ್ಮ, ಕುಲ ಕೇಳ್ಕೊಂಡು ಬಂದ್ರೆ ಸಹಿ ಹಾಕಿಬಿಡ್ತೀಯಾ?"

ಅಜ್ಜಿ ಒಳಗೆ ಹೋಗಿ ನಕಾಶೆಯನ್ನು ಸುತ್ತಿ ಪಕ್ಕಕ್ಕಿಟ್ಟು, ಮೇಜು ಒರೆಸಿ, ಕುರಿಮಾಂಸದ ಸಾರನ್ನು ಒಲೆಯ ಮೇಲಿಟ್ಟಳು.

"ಬಂದ್ರೆ ಊಟ ಹಾಕ್ತೀನಿ. ನೆಂಟರಾದವರು ಕುರಿ ಮರಿ ಹಾಕೋ ಜಾಗ ಕೇಳಲ್ಲ."