ಅಂಕಮ್ಮನ ಕರು

ಬೇಸಿಗೆ ಮಳೆಗೆ ಕೆರೆ ಏರಿ ಒಡೆದು ಕೆಳಗೇರಿಗೆ ನೀರು ನುಗ್ಗಿದ ಮಾರನೆಯ ಬೆಳಿಗ್ಗೆ, ಯಶೋದಮ್ಮ ಕೆಸರು ತುಳಿದುಕೊಂಡು ಓರಗಿತ್ತಿ ಅಂಕಮ್ಮನ ಜಗಲಿಯ ಮುಂದೆ ಬಂದು ನಿಂತಳು.

"ಅಕ್ಕಯ್ಯ, ನಿನ್ ಕರಾನ ಒಂದ್ ಗಳಿಗೆ ಕೊಡು. ಕರ ಇಲ್ದೆ ನಮ್ಮ ಹಸ ಹಾಲಿಳುಸ್ತಿಲ್ಲ. ಕೆಚ್ಚಲು ಕಲ್ಲಾಗ್ಬುಟ್ಟದೆ."

ನೀರು ಯಶೋದಮ್ಮನ ಮನೆಯಿಂದ ಕರುವನ್ನು ಒಯ್ದಿತ್ತು, ಅಂಕಮ್ಮನ ಮನೆಯಿಂದ ಹಸುವನ್ನು. ಡೈರಿಯಲ್ಲಿ ಯಶೋದಮ್ಮನ ಕ್ಯಾನು ತನ್ನದಕ್ಕಿಂತ ತುಂಬಿರುವುದನ್ನು ದಿನವೂ ಓರೆಗಣ್ಣಿನಲ್ಲಿ ನೋಡುತ್ತಿದ್ದ ಅಂಕಮ್ಮನಿಗೆ, ಆ ಹಾಳು ನೀರು ಕೂಡ ಅವಳ ಕಡೆಯೇ ವಾಲಿದಂತೆ ಕಂಡಿತು.

"ಹಸಾನೂ ನಿಂದೇ, ಹಾಲೂ ನಿಂದೇ. ನಂಗುಳಿದಿರೋ ಈ ಕರಾನೂ ನಿಂಗೇ ಬೇಕಾ?"

"ನಂಗ್ಯಾಕಕ್ಕಯ್ಯ? ಅದೂ ಹಸ್ಕೊಂಡದೆ. ಒಸಿ ಕುಡೀಲಿ ಅಂತ."

"ಮದ್ದೂರಿಂದ ಹಾಲಿನ್ ಪುಡಿ ತರುಸ್ತೀನಿ, ಓಗು."

"ರೋಡೇ ಕೊಚ್ಕೊಂಡೋಗ್ಬುಟ್ಟದೆ. ಪುಡಿ ಏನು ಈಜ್ಕೊಂಡ್ ಬತ್ತದಾ?"

ಅಂಕಮ್ಮ ಬೆರಳನ್ನು ಗಂಜಿಯಲ್ಲಿ ಅದ್ದಿ ಕರುವಿನ ಬಾಯಿಗಿಟ್ಟಳು. ಅದು ಎರಡು ಸಲ ಚೀಪಿ, ಬೆರಳು ಬಿಟ್ಟು, ಕಾಲು ಮಡಚಿ ಕುಸಿಯಿತು. ಅವಳು ಅದನ್ನು ಎತ್ತಿಕೊಂಡು ಯಶೋದಮ್ಮನ ಕೊಟ್ಟಿಗೆಗೆ ಹೊರಟಳು. ಯಶೋದಮ್ಮ ಎತ್ತಿಕೊಳ್ಳಲು ಕೈ ಚಾಚಿದರೂ ಕೊಡಲಿಲ್ಲ.

ಹಸು ಕರುವನ್ನು ಮೂಸಿ ನೋಡಿ, ಬುಸುಗುಟ್ಟಿ, ಒದೆಯಲು ಕಾಲೆತ್ತಿತು. ಯಶೋದಮ್ಮ ಬೆಲ್ಲದ ನೀರು ಕಲಸಿ ತಂದು ಕರುವಿನ ಬೆನ್ನಿಗೆ ಸವರಿದಳು. ಹಸುವಿನ ನಾಲಿಗೆ ಮೆಲ್ಲಗೆ ಹೊರಗೆ ಬಂತು. ಕರು ತಡವರಿಸುತ್ತ ಕೆಚ್ಚಲಿಗೆ ಬಾಯಿ ಹಾಕಿತು.

"ಬೆಲ್ಲಕ್ಕೆ ನೆಕ್ತಾ ಅದೆ. ಪ್ರೀತಿಗಲ್ಲ" ಎಂದಳು ಅಂಕಮ್ಮ.

"ಊಂ ಕಣಕ್ಕಯ್ಯ, ಬೆಲ್ಲಕ್ಕೇ" ಎಂದು ಯಶೋದಮ್ಮ ಒಪ್ಪಿಕೊಂಡಳು. ಒಂದೇ ಮೊಲೆಯಲ್ಲಿ ಹಾಲು ಕರೆದು, ಉಳಿದದ್ದನ್ನು ಕರುವಿಗೆ ಬಿಟ್ಟು, ತಂಬಿಗೆಯನ್ನು ಅಂಕಮ್ಮನ ಕಣ್ಣಿಗೆ ಬೀಳದಂತೆ ಗೋಡೆಯ ಆಚೆ ಇಟ್ಟಳು.

ಕರು ಬಾಲ ಅಲ್ಲಾಡಿಸತೊಡಗಿತು. ಕೊಚ್ಚಿಹೋದ ತನ್ನ ತಾಯಿಯ ಕೆಳಗೂ ಅದು ಹೀಗೇ ಬಾಲ ಆಡಿಸುತ್ತಿತ್ತು. ಅಂಕಮ್ಮನಿಗೆ ತಡೆಯಲಾಗಲಿಲ್ಲ. ಬಗ್ಗಿ, ಸೆರಗಿನಿಂದ ಕರುವಿನ ಬೆನ್ನನ್ನು ಗಸಗಸನೆ ಒರೆಸಿದಳು, ಬೆಲ್ಲದ ಅಂಟು ಒಂದಿಷ್ಟೂ ಉಳಿಯದ ಹಾಗೆ.

ಹಸು ಒರೆಸಿದ ಜಾಗವನ್ನೇ ಮತ್ತೆ ನೆಕ್ಕಿತು.