ಮುಬೀನಾಳ ಹಿಂದೆ ಬರುವ ಚಂದ್ರ

ಮಕ್ಕಳು ನಂಬಿದ್ದೆಲ್ಲ ಅವರ ಸುತ್ತ ನಿಜವಾಗಿಯೇ ಇರುತ್ತಿತ್ತು. ಯಾರಾದರೂ ಅದನ್ನು ಸಂಶೋಧನಾ ಪ್ರಬಂಧದಲ್ಲಿ 'ತಪ್ಪು ಕಲ್ಪನೆ' ಎಂದು ಬರೆದು, ಮಾರ್ಗದರ್ಶಕರು ಸಹಿ ಹಾಕಿದ ದಿನ ಅದು ನಿಲ್ಲುತ್ತಿತ್ತು. ವಾರಿಜಾಳ ಪಿಎಚ್‌ಡಿಗೆ ಅಂಥ ಒಂದೇ ವಾಕ್ಯ ಬಾಕಿಯಿತ್ತು. ಅದಕ್ಕಾಗಿ ಅವಳು ಆ ಸಂಜೆ ಮೂರನೇ ತರಗತಿಯ ಮುಬೀನಾಳ ಜೊತೆ ನಡೆದಳು. ಚಂದ್ರ ಶಾಲೆಯ ಗೋಡೆ ದಾಟಿ ಅವರ ಹಿಂದೆ ಬಂದ. ಹುಡುಗಿ ಚಪ್ಪಲಿ ಸರಿಮಾಡಿಕೊಳ್ಳಲು ನಿಂತಾಗ ಅವನೂ ಹುಣಸೆಮರದ ಮೇಲೆ ಕಾದು ನಿಂತ. ದೀಪವಿಲ್ಲದ ಓಣಿಯಲ್ಲಿ ತುಸು ಕೆಳಗಿಳಿದ.

"ನೀವು ತಪ್ಪು ಅಂತ ಬರದ್ರ ಇಂವ ಬರಂಗಿಲ್ಲೇನ್ರಿ, ಅಕ್ಕಾರ?"

"ಮ್ಯಾಲೆ ಇರ್ತಾನ. ನಿನ್ನ ಹಿಂದ ಬರಂಗಿಲ್ಲ."

"ಹಂಗಾರ ನಾ ಮನಿಗೆ ಯಾರ ಕೂಡ ಹೋಗ್ಲಿ?"

ಮರುದಿನ ಮಾರ್ಗದರ್ಶಕ ಹುಯಿಲಗೋಳ ಸರ್ ಕೊನೆಯ ಪುಟ ಓದಿ ಕನ್ನಡಕ ತೆಗೆದರು. 'ತಪ್ಪು ಕಲ್ಪನೆ' ಇರಬೇಕಾದಲ್ಲಿ ಎಲ್ಲ ಪ್ರಬಂಧಗಳ ಕೊನೆಗೂ ಇರುವ ಹಳೆಯ ಸಾಲಿತ್ತು: 'ಈ ಕುರಿತು ಹೆಚ್ಚಿನ ಸಂಶೋಧನೆ ಅಗತ್ಯ.'

"ಎಷ್ಟ ವರ್ಷ ಸಂಶೋಧನಾ ಮಾಡಾಕಿ, ತಂಗಿ?"

"ಆಕಿ ಕತ್ತಲದಾಗ ಒಬ್ಬಾಕಿನ ನಡಿಯೋತನಕ್ರಿ, ಸರ್."

ಸರ್ ಪೆನ್ನಿನ ಮುಚ್ಚಳ ತೆಗೆದರು. ಆ ಸಾಲನ್ನು ತಿದ್ದದೆ ಅದರ ಕೆಳಗೆ ಸಹಿ ಹಾಕಿದರು.