ಮಗ್ಗದ ಕುಣಿಯೊಳಗಿನ ಇಪ್ಪತ್ತೆಂಟು ಡಿಗ್ರಿ

"ಇಳಿಸಬ್ಯಾಡ್ರಿ!" ಎನ್ನುತ್ತ ಕಿರಿಯ ಎಂಜಿನಿಯರ್ ಸಿಮ್ರಾನ ಲಾರಿಗೆ ಅಡ್ಡ ನಿಂತಳು.

ಲಾರಿಯ ತುಂಬ ಬಿಸಿ-ಥಂಡಿ ತಡೆಯುವ ಥರ್ಮಾಕೋಲ್ ಹಾಳೆಗಳು. ಗಜೇಂದ್ರಗಡದ ನೇಕಾರರಿಗಾಗಿ ಕಟ್ಟುತ್ತಿದ್ದ ಹೊಸ ಶೆಡ್ಡಿನ ನೆಲಕ್ಕೆ ಅವನ್ನು ಉದ್ದಗಲಕ್ಕೂ ಹಾಸಿ, ಮರುದಿನ ಬೆಳಿಗ್ಗೆ ಮೇಲೆ ಕಾಂಕ್ರೀಟು ಸುರಿಯುವುದಿತ್ತು. ಸುರಿದರೆ ಮುಗಿಯಿತು. ಮೂವತ್ತು ಜನ ನೇಕಾರರು ಪ್ರತಿ ಬೇಸಿಗೆಯನ್ನೂ ಅದರ ಮೇಲೆಯೇ ಕಳೆಯಬೇಕು.

ಎಂಜಿನಿಯರ್ ಸಂಗನಬಸವರು ಕೊಡೆ ಹಿಡಿದುಕೊಂಡೇ ಬಂದರು. "ಏನವಾ, ಕೆಲಸಕ್ಕ ಸೇರಿ ಮೂರ ತಿಂಗಳಾಗಿಲ್ಲ, ಆಗಲೇ ಲಾರಿ ನಿಲ್ಲಸ್ತೀ?"

"ಸರ್, ಈ ಕಟ್ಟಡದ ಬಿಸಿ-ಥಂಡಿ ಲೆಕ್ಕ ಕಂಪ್ಯೂಟರ್‌ನ್ಯಾಗ ಮಾಡ್ಯಾರಲ್ರಿ, ಅದರಾಗ ಕೆಳಗಿನ ಮಣ್ಣು ಹದಿನೆಂಟು ಡಿಗ್ರಿ ಅಂತ ಐತ್ರಿ. ಅದು ನಮ್ಮ ಮಣ್ಣಲ್ರಿ. ನಾವು ಏನೂ ತುಂಬದಿದ್ರ ಪ್ರೋಗ್ರಾಮು ತಾನ ಹಾಕ್ಕೊಳ್ಳೋ ಅಂಕಿ. ನೆಲ ಅಷ್ಟು ಥಂಡಿ, ಕಾಲು ಸೆಟೀತಾವು, ಪೂರಾ ಹೊದಿಸ್ರಿ ಅಂತ ಅದು ಹೇಳೈತಿ."

"ನಿನ್ನ ಲೆಕ್ಕದಾಗ ಎಷ್ಟು?"

"ಇಪ್ಪತ್ತೆಂಟರ ಹತ್ರ ಇರಬೇಕ್ರಿ."

"ಇರಬೇಕು! ಅಳದು ನೋಡೀಯೇನು?"

ಸಿಮ್ರಾನ ಶೆಡ್ಡಿನ ನೆಲದತ್ತ ತಿರುಗಿದಳು. ಕೆಲಸದವರು ಹಗ್ಗ ಬಿಚ್ಚತೊಡಗಿದರು. ಶೆಡ್ಡಿನ ಜಾಗದಲ್ಲಿ ಅಳೆಯುವಂತಿರಲಿಲ್ಲ, ಆ ಮಣ್ಣು ಎರಡು ತಿಂಗಳಿಂದ ಬಿಸಿಲಿಗೆ ಬೆಂದಿತ್ತು. ಸೂರಿನಡಿಯ ನೆಲದಲ್ಲಿ ತೋಡಿದ ಗುಂಡಿ ಬೇಕು. ಅಂಥ ಗುಂಡಿ ಎಲ್ಲಿದೆ ಎಂದು ಯೋಚಿಸಿದವಳಿಗೆ ತನ್ನ ಪೆದ್ದುತನಕ್ಕೆ ತಾನೇ ನಗು ಬಂತು. ಹುಟ್ಟಿದ ಓಣಿಯಲ್ಲಿ ಅಂಥವು ಮನೆಗೆ ಎರಡಿದ್ದವು.

"ಬರ್ರಿ ಸರ್, ಅಳೀಯೂಣು. ಹತ್ತ ಮಿನಿಟ್ ಅಷ್ಟ."

ಅದೇ ಓಣಿಯ ಮುದುಕಿ ಮಾನವ್ವನ ಮನೆಯಲ್ಲಿ ಎರಡು ಕುಣಿಮಗ್ಗ, ನೇಯುವವರು ಕಾಲಿಳಿಬಿಡಲು ನೆಲದಲ್ಲಿ ಗುಂಡಿ ತೋಡಿದವು. ಒಂದು ನಡುಮನೆಯಲ್ಲಿ, ಇನ್ನೊಂದು ಪಡುವಣ ಗೋಡೆಗೆ ಒತ್ತಿ. ನಲವತ್ತು ವರ್ಷದಿಂದ ಅವಳು ನಡುಮನೆಯ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ಹೊಸ ಶೆಡ್ಡಿಗೆ ಹೋಗುವವರಲ್ಲಿ ಅವಳೂ ಒಬ್ಬಳು. ಹೊರಗೆ ಮೂವತ್ತೊಂಬತ್ತು ಡಿಗ್ರಿ ಬಿಸಿಲಿತ್ತು. ಸಿಮ್ರಾನ ನಡುವಿನ ಕುಣಿಗಿಳಿದು ಥರ್ಮಾಮೀಟರಿನ ಮೊನೆಯನ್ನು ಮಣ್ಣಿಗೆ ಚುಚ್ಚಿದಳು. ಅಂಕಿ ಇಳಿಯುತ್ತ ಇಳಿಯುತ್ತ ಇಪ್ಪತ್ತೆಂಟಕ್ಕೆ ನಿಂತಿತು. ಗೋಡೆಯ ಬದಿಯ ಕುಣಿಯಲ್ಲಿ ಮೂವತ್ತೆರಡು.

"ಅಲ್ಲಿ ಯಾಕ ಹೆಚ್ಚು?" ಸಂಗನಬಸವರು ಬಗ್ಗಿ ನೋಡಿದರು.

"ಹೊರಗಿನ ಬಿಸಿ ಗ್ವಾಡಿ ಬುಡದಿಂದ ಒಳಗ ಬರತೈತ್ರಿ. ಅದಕ್ಕ ಅಂಚಿಗೆ ಅಷ್ಟ ಥರ್ಮಾಕೋಲ್ ಸಾಕು. ನಡುವ ಬಿಟ್ರ ಒಳಗಿನ ಬಿಸೀನ ನೆಲಾನ ಎಳಕೋತೈತಿ."

ಮಾನವ್ವನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. "ಸೀರಿ ಹಂಗ ಅನ್ನು. ದಡಿ ಗಟ್ಟಿ, ಒಡಲು ಹಗರ. ಒಡಲನ್ನೂ ದಡಿಯಂಗ ನೇಯ್ದ್ರ ಬ್ಯಾಸಗ್ಯಾಗ ಉಡಾಕಿ ಹ್ಯಾಂಗ ಉಡಬೇಕು?"

ಸಿಮ್ರಾನ ನೆಲದಲ್ಲೇ ಕೂತು ಲ್ಯಾಪ್‌ಟಾಪ್ ತೆರೆದಳು. ಹದಿನೆಂಟನ್ನು ಅಳಿಸಿ ಇಪ್ಪತ್ತೆಂಟು ಹಾಕಿದಳು. ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ, ಪೂರಾ ಹಾಸಿದ ಶೆಡ್ಡು ಮೂವತ್ತೇಳು. ಅಂಚಿಗೆ ಮಾತ್ರ ಹಾಸಿದ್ದು ಮೂವತ್ತಮೂರು. ಪರದೆಯನ್ನು ಮಾನವ್ವನತ್ತ ತಿರುಗಿಸಿದಳು. "ನಾಕ ಡಿಗ್ರಿ ಆಯೀ! ನಿನಗ ನಾಕ ಡಿಗ್ರಿ ತಂಪು!"

ಸಂಗನಬಸವರು ಪರದೆ ನೋಡಿದರು, ಥರ್ಮಾಮೀಟರ್ ನೋಡಿದರು. ಇಪ್ಪತ್ತು ವರ್ಷದ ಅನುಭವ ಅಷ್ಟು ಬೇಗ ಸೋಲೊಪ್ಪುತ್ತದೆಯೇ? ಬೂಟು ಬಿಚ್ಚಿ, ಕಾಲುಚೀಲ ಕಳಚಿ, ತಾವೇ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರು. ಆಮೇಲೆ ಲಾರಿಯ ಬಳಿಯಿದ್ದ ಮೇಸ್ತ್ರಿಗೆ ಫೋನು ಮಾಡಿದರು. "ಪರಶಪ್ಪಾ, ಗ್ವಾಡಿಗುಂಟ ಮೂರ ಫೂಟು ಅಷ್ಟ ಹಾಸು. ಉಳದದ್ದು ವಾಪಸ್ ಕಳಸು. ಹೌದು, ಸಿಮ್ರಾನ ಮೇಡಂ ಹೇಳಿದಂಗ."

ಬಂದಾಗಿನಿಂದ ಮೊದಲ ಸಲ ಅವರು ಮೇಡಂ ಎಂದದ್ದು. ಸಿಮ್ರಾನಳಿಗೆ ಕುಣಿದಾಡಬೇಕೆನಿಸಿತು, ಆದರೆ ಮಗ್ಗದ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದು ನಿಂತಳು.

"ಫೋನ್ ಮುಗೀತಲ್ರಿ ಸಾಹೇಬ್ರ, ಏಳ್ರಿ. ನನ್ನ ನೇಯ್ಗಿ ನಿಂತೈತಿ," ಎಂದಳು ಮಾನವ್ವ.

ಸಂಗನಬಸವರು ಕುಣಿಯೊಳಗೆ ಕಾಲ್ಬೆರಳುಗಳನ್ನು ಅಗಲಿಸಿ ತಂಪು ಮಣ್ಣಿಗೆ ಇನ್ನಷ್ಟು ಒತ್ತಿದರು.

"ಇನ್ನೊಂದೀಟು ತಡೀಬೇ," ಎಂದರು.